ಶಹ ತಿಂದ ರಾಜ

ಸಿಟ್ಟು ನಮ್ಮ ಮನೆತನದ ಆಸ್ತಿ. ಮಟಕಿ ಊರಿನ ಹೊಲ ದೊಡ್ಡಪ್ಪ ಚಿಕ್ಕಪ್ಪಂದಿರ ನಡುವೆ ತುಂಡು ತುಂಡಾಗಿ ಹಂಚಿಹೋಯಿತು, ಸಿಟ್ಟು ಮಾತ್ರ ಎಲ್ಲರ ಪಾಲಿಗೂ ಇಡಿಯಾಗಿ ಬಂತು. ಹೇಳಿದಂತೆ ಕೇಳಲಿಲ್ಲವೆಂದು ನನ್ನ ಅಪ್ಪ ಒಮ್ಮೆ ಎತ್ತಿನ ಕಿವಿ ಕಚ್ಚಿದ್ದ. ಅಂಥವನ ಮಗನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಆಳಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಮಾಡಿ ಕೂರಿಸಿದರು. ಮೆತ್ತಗೆ ಮಾತನಾಡಬೇಕು, ಯಾರು ಬೈದರೂ ತಿರುಗಿ ಬೈಯಬಾರದು, ಇದು ಆ ಕೆಲಸದ ಮೊದಲ ಪಾಠ. ತೊಗರಿ ದಲಾಲರು ಸೊಲ್ಲಾಪುರದ ಧಾರಣೆಗಾಗಿ ಬೆಳಿಗ್ಗೆಯೇ ಒದರತೊಡಗಿದರೆ ನಾನು ‘ಹೌದ್ರಿ, ಕೊಡ್ತೇನ್ರಿ’ ಎನ್ನುತ್ತ ಮೇಜಿನ ಕೆಳಗೆ ಮುಷ್ಟಿ ಬಿಗಿಹಿಡಿದು ಕೂರುತ್ತಿದ್ದೆ. ಹೊರಗೆ ಬಾರದ ಸಿಟ್ಟು ಎಲ್ಲಿಗೆ ಹೋಗಬೇಕು?

ಅದು ಚದುರಂಗಕ್ಕೆ ಹೋಯಿತು.

ಆಗಿನ ಎಕ್ಸ್‌ಚೇಂಜ್ ಎಂದರೆ ತೂತುಗಳ ಒಂದು ದೊಡ್ಡ ಹಲಗೆ. ಊರಿನ ಒಂದೊಂದು ಫೋನಿಗೂ ಒಂದು ತೂತು, ತೂತಿನ ಮೇಲೆ ತಗಡಿನ ಸಣ್ಣ ರೆಪ್ಪೆ. ಯಾರಾದರೂ ಮನೆಯಲ್ಲಿ ಫೋನಿನ ಹಿಡಿಕೆ ತಿರುವಿದರೆ ಇಲ್ಲಿ ರೆಪ್ಪೆ ಪಟ್ಟನೆ ಬೀಳುತ್ತಿತ್ತು. ಆ ತೂತಿಗೆ ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಅವರ ತೂತಿಗೆ ವೈರಿನ ಇನ್ನೊಂದು ತುದಿ ಚುಚ್ಚುವುದು ನನ್ನ ಕೆಲಸ. ಪರವೂರಿನ ಕರೆಗಳೆಲ್ಲ ಗುಲ್ಬರ್ಗಾದ ದೊಡ್ಡ ಬೋರ್ಡಿನ ಮೂಲಕವೇ ಹೋಗಬೇಕು. ಹೆಡ್‌ಸೆಟ್ಟಿಗೆ ಒಂದೇ ಬಟ್ಟಲು, ಅದು ಎಡಗಿವಿಗೆ. ಬಲಗಿವಿ ಕೋಣೆಯ ಸದ್ದು ಕೇಳಲೆಂದು ಖಾಲಿ. ಊಟದ ಹೊತ್ತಿಗೆ ಊರು ಮಲಗುತ್ತಿತ್ತು, ಬಿಸಿಲು ಇಳಿಯುವತನಕ ಒಂದು ರೆಪ್ಪೆಯೂ ಬೀಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಲೈನು ಸರಿಯಿದೆಯೇ ಎಂದು ಊರೂರಿನ ಆಪರೇಟರುಗಳು ಪರೀಕ್ಷೆ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. ಹಾಗೆ ಪರೀಕ್ಷೆ ಮಾಡುತ್ತಿದ್ದಾಗಲೇ ಜೇವರ್ಗಿಯ ಆಪರೇಟರ್ ನನಗೆ ಚದುರಂಗ ಬರುತ್ತದೆಯೇ ಎಂದು ಕೇಳಿದ್ದು. ಅಫಜಲಪುರದ ಆಪರೇಟರ್ ಕೆಮ್ಮುತ್ತ ತಾನೂ ಇದ್ದೇನೆಂದ. ನಾವು ‘ಟೆಸ್ಟಿಂಗ್’ ಎಂದರೆ ಸಾಕು, ಗುಲ್ಬರ್ಗಾದವರು ಮೂರೂ ಎಳೆ ಜೋಡಿಸಿ ಕೊಟ್ಟು ತಾವು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಹನ್ನೆರಡು ವರ್ಷಕ್ಕೂ ಮೇಲೆ ಆ ಆಟ ನಡೆಯಿತು. ಮೂವರಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ. ಹೆಸರಿಗೂ ಬಳಕೆಯಿರಲಿಲ್ಲ, ನಾನು ಆಳಂದ, ಅವನು ಜೇವರ್ಗಿ, ಇವನು ಅಫಜಲಪುರ. ಇಬ್ಬರು ಆಡುವಾಗ ಮೂರನೆಯವನು ಪಂಚ. ಅವನೂ ತನ್ನೂರಿನಲ್ಲಿ ಚದುರಂಗದ ಹಾಸು ಹರವಿಕೊಂಡು ಪ್ರತಿ ನಡೆಯನ್ನೂ ಕೇಳಿ ಕಾಯಿ ಸರಿಸುತ್ತಿದ್ದ. ತಕರಾರು ಬಂದರೆ ಅವನ ಮಾತೇ ಕೊನೆ.

ಆಟ ನಮ್ಮ ಕಡೆಯದು, ಪುಸ್ತಕದ್ದಲ್ಲ. ಎರಡು ಕಾಯಿದೆ ಹೇಳಿದರೆ ಮುಂದಿನದು ತಿಳಿಯುತ್ತದೆ. ಮೊದಲನೆಯದು, ರಾಜನಿಗೆ ಇಡೀ ಆಟದಲ್ಲಿ ಒಂದೇ ಸಲ ಕುದುರೆಯ ಹಾಗೆ ಹಾರುವ ಹಕ್ಕಿದೆ. ಆದರೆ ಅಷ್ಟರೊಳಗೆ ಅವನಿಗೆ ಒಮ್ಮೆಯಾದರೂ ಶಹ ಬಿದ್ದಿದ್ದರೆ, ಅಂದರೆ ಎದುರಾಳಿಯ ಕಾಯಿ ನೇರ ಅವನ ಮೇಲೆ ಗುರಿಯಿಟ್ಟಿದ್ದರೆ, ಆ ಹಕ್ಕು ಹೋಯಿತು. ಶಹ ತಿಂದ ರಾಜ ಹಾರುವಂತಿಲ್ಲ. ಎರಡನೆಯದು, ವಜೀರನಿಂದಲೋ ಆನೆಯಿಂದಲೋ ರಾಜನನ್ನು ಕೆಡವಿದರೆ ಅದು ಬರೀ ಗೆಲುವು. ಪ್ಯಾದೆಯಿಂದ, ಅಂದರೆ ಬರೀ ಕಾಲಾಳಿನಿಂದ, ಕೆಡವಿದರೆ ಎದುರಾಳಿಯ ಮಾನ ಬೀದಿಯಲ್ಲಿ ಬಿದ್ದಂತೆ. ಪ್ಯಾದೆ ಮಾತ್ ಆದವನು ಹಾಸಿನ ಮುಂದೆ ತಲೆ ಎತ್ತಬಾರದು.

ಬೈಗುಳಕ್ಕೆ ಕಾಯಿದೆ ಇರಲಿಲ್ಲ. ಊರಿನವರಿಗೆ ‘ರೀ’ ಹಚ್ಚಿ ಹಚ್ಚಿ ನಾಲಿಗೆ ಸಪ್ಪೆಯಾಗಿರುತ್ತಿತ್ತಲ್ಲ, ಮಧ್ಯಾಹ್ನ ಅದಕ್ಕೆ ಉಪ್ಪು ಖಾರ ಹಚ್ಚುತ್ತಿದ್ದೆವು. ತಾಯಿ, ತಂಗಿ, ಕುಲ, ಕಸುಬು, ಯಾವುದನ್ನೂ ಬಿಡುತ್ತಿರಲಿಲ್ಲ. ವೈರಿನಲ್ಲಿ ಅದು ಮೈಗೆ ಹತ್ತುತ್ತಿರಲಿಲ್ಲ. ಕೈ ಮಾತ್ರ ತಡೆಯುತ್ತಿರಲಿಲ್ಲ. ಸೋತ ದಿನ ನಾನು ಗೋಡೆಗೆ ಗುದ್ದಿ ಗೆಣ್ಣು ಒಡೆದುಕೊಂಡಿದ್ದೇನೆ. ಒಮ್ಮೆ ಹೆಡ್‌ಸೆಟ್ ನೆಲಕ್ಕೆ ಅಪ್ಪಳಿಸಿ, ಕೋತಿ ಬಂದಿತ್ತೆಂದು ಮೇಲಿನವರಿಗೆ ವರದಿ ಬರೆದೆ. ನಮ್ಮ ಲೈನ್‌ಮನ್ ಒಂದು ದಿನ ಚಹಾ ಇಡುವಾಗ ಮೊಣಕೈ ತಾಗಿಸಿ ಕಾಯಿಗಳನ್ನು ಉರುಳಿಸಿದ. ಅದೇ ಮೊಣಕೈ ಹಿಡಿದು ತಿರುವಿ ಅವನನ್ನು ಮೆಟ್ಟಿಲ ಕೆಳಗೆ ಎಸೆದೆ, ಕೀಲು ತಪ್ಪಿತು. ಟ್ರಂಕ್ ಕಾಲ್ ಸಿಗಲಿಲ್ಲವೆಂದು ಜಗಳಕ್ಕೆ ಬಂದ ದಲಾಲನೊಬ್ಬನ ಬೆರಳು ಬಾಗಿಲಿಗೆ ಸಿಕ್ಕಿತು. ಸಿಕ್ಕಿತು ಎಂದು ಬರೆದೆ, ನಾನೇ ಸಿಕ್ಕಿಸಿದ್ದು. ಅಫಜಲಪುರದವನು ಸೋತಾಗ ಬ್ಯಾಟರಿಗೆ ಒದ್ದು, ಆಸಿಡ್ ಸಿಡಿದು ಮೊಣಕಾಲ ಕೆಳಗಿನ ಚರ್ಮ ಸುಟ್ಟುಕೊಂಡ. ಇಷ್ಟಾದರೂ ಮರುದಿನ ಮಧ್ಯಾಹ್ನ ಮೂವರೂ ಹಾಜರು.

ಜೇವರ್ಗಿಯವನು ನಮ್ಮೆಲ್ಲರಿಗಿಂತ ಒಳ್ಳೆಯ ಆಟಗಾರ. ಅದಕ್ಕೇ ಅವನನ್ನು ನಾನು ಪ್ಯಾದೆಯಿಂದ ಕೆಡವಿದ ದಿನ ಕುರ್ಚಿಯ ಮೇಲೆ ಎದ್ದು ನಿಂತು ಕುಣಿದೆ. ಅವನು ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುವ ಸದ್ದು ಲೈನಿನಲ್ಲಿ ಕೇಳಿತು.

“ಲೇ ಆಳಂದ,” ಎಂದ ಕೊನೆಗೆ. “ನಾಳಿಂದ ನನ್ನ ಮೂಗಿನ ಕೆಳಗ ಏನೂ ಇರಂಗಿಲ್ಲ. ನಿನ್ನ ರಾಜಾನ್ನ ಪ್ಯಾದೆಲೆ ಮಲಗಿಸಿದ ದಿನಾನ ಮೀಸಿ.”

ಬಾಯಿಮಾತೆಂದುಕೊಂಡೆವು. ಅವನು ನಿಜವಾಗಿ ಬೋಳಿಸಿಕೊಂಡ. ಅವರ ಕುಲದಲ್ಲಿ ಗಂಡಸು ಮೀಸೆ ತೆಗೆಯುವುದು ತಂದೆ ಸತ್ತಾಗ ಮಾತ್ರ. ಅವನ ಅಪ್ಪನೋ ಗಟ್ಟಿಮುಟ್ಟಾಗಿ ಹೊರಸಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಜೇವರ್ಗಿಯ ಜನ ಮನೆಗೆ ಬಂದು, ಯಜಮಾನರು ಹೋದದ್ದು ಯಾವಾಗ ಎಂದು ಆ ಯಜಮಾನನನ್ನೇ ಕೇಳಿದರಂತೆ. ಅಂದಿನಿಂದ ಅಪ್ಪ ಮಗನ ಜೊತೆ ಮಾತು ಬಿಟ್ಟ, ಜೊತೆಗೆ ಕೂತು ಉಣ್ಣುವುದನ್ನೂ ಬಿಟ್ಟ. ಮೀಸೆ ಬಂದ ದಿನ ನನ್ನ ಪಂಕ್ತಿಗೆ ಬಾ ಎಂದು ತನ್ನ ಹೆಂಡತಿಯ ಬಾಯಲ್ಲಿ ಹೇಳಿಕಳಿಸಿದ. ಮಗನಿಗೆ ಹಟ ಹೆಚ್ಚಿತೇ ಹೊರತು ಮೀಸೆ ಬರಲಿಲ್ಲ. ನಾನೇನು ಕಮ್ಮಿ? ದಿನಾ ಹೆಡ್‌ಸೆಟ್ ಹಾಕಿದ ಕೂಡಲೇ ಮೊದಲ ಮಾತು, “ನಿಮ್ಮಪ್ಪ ಇನ್ನೂ ಸತ್ತಿಲ್ಲೇನ್ಲೇ, ಬೋಳ ಬಾಯಿ?” ಅವನು ಅದಕ್ಕೆ ನನ್ನ ಅಪ್ಪನನ್ನು ಎತ್ತಿಕೊಂಡು ಉತ್ತರ ಕೊಡುತ್ತಿದ್ದ. ಆಟ ಶುರುವಾಗುತ್ತಿತ್ತು.

ವರ್ಷಗಳಾದವು. ಅವನು ಎಷ್ಟೋ ಆಟ ಗೆದ್ದ, ಆದರೆ ಪ್ಯಾದೆಯಿಂದಲ್ಲ. ಬೇರೆ ಕಾಯಿಯಿಂದ ಸುಲಭವಾಗಿ ಮುಗಿಸಬಹುದಾದ ಆಟವನ್ನೂ ಪ್ಯಾದೆಗಾಗಿ ಎಳೆದು ಎಳೆದು ಸೋಲುತ್ತಿದ್ದ.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ ಹೊಸ ಯಂತ್ರಗಳ ಮಾತು ಬಂತು. ಇನ್ನು ಜನ ತಾವೇ ನಂಬರ್ ಒತ್ತುತ್ತಾರೆ, ತೂತಿನ ಹಲಗೆಯೂ ಬೇಡ, ಆಪರೇಟರೂ ಬೇಡ. ನಮ್ಮನ್ನು ಕೆಲಸದಿಂದ ತೆಗೆಯುವುದಿಲ್ಲ, ಬಿಲ್ಲಿನ ಕಿಟಕಿಗೋ ದೂರಿನ ಕಿಟಕಿಗೋ ಹಾಕುತ್ತೇವೆ ಎಂದರು. ಸಂಬಳ ಅಷ್ಟೇ, ಕುರ್ಚಿ ಬೇರೆ. ಹೆಂಡತಿ ಖುಷಿಪಟ್ಟಳು. ನಾನು ತಾಟು ಸರಿಸಿ ಎದ್ದೆ. ಆಟದ ವಿಷಯ ಯಾರ ಮುಂದೆ ಹೇಳುವುದು? ಕಾಗದದ ಮೇಲೆ ಇಲ್ಲದ ಆಟ ನಿಲ್ಲುತ್ತದೆಂದು ಅರ್ಜಿ ಬರೆಯಲಾಗುತ್ತದೆಯೇ?

ನಾನು ಮತ್ತು ಜೇವರ್ಗಿ ಆಗ ಒಂದು ಆಟದ ಮಧ್ಯದಲ್ಲಿದ್ದೆವು. ಇದೇ ಕೊನೆಯ ಆಟವಾಗಬಹುದೆಂದು ಇಬ್ಬರಿಗೂ ಗೊತ್ತಿತ್ತು. ದಿನಕ್ಕೆ ಒಂದೋ ಎರಡೋ ನಡೆ ಮಾತ್ರ ನಡೆಯುತ್ತಿದ್ದೆವು. ಒಂದು ಮಧ್ಯಾಹ್ನ ಅವನು ಸುಮ್ಮಸುಮ್ಮನೆ ಕುದುರೆಯನ್ನು ತಂದು ನನ್ನ ಒಂಟೆಯ ಬಾಯಿಗೆ ಇಟ್ಟು ಶಹ ಎಂದ. ನಾನು ಕುದುರೆ ಹೊಡೆದೆ, ಬದಲಿಗೆ ಅವನಿಗೆ ಏನೂ ಸಿಗಲಿಲ್ಲ. ಮೀಸೆಯ ಜೊತೆಗೆ ಬುದ್ಧಿಯನ್ನೂ ಬೋಳಿಸಿಕೊಂಡೆಯಾ ಎಂದು ವಾರವಿಡೀ ಕಾಡಿದೆ. ಅಫಜಲಪುರದವನು ಪಂಚನಾಗಿ ಕೇಳುತ್ತಿದ್ದ, ಕೆಮ್ಮಿ ಕೆಮ್ಮಿ ನಕ್ಕ. ಜೇವರ್ಗಿಯವನು ತಿರುಗಿ ಬೈಯಲೇ ಇಲ್ಲ.

ಮೊದಲು ಹೋದದ್ದು ಅಫಜಲಪುರ. ಮೂವರಲ್ಲಿ ಅವನೇ ಸಾಧು ಎಂದು ನಾವು ತಿಳಿದಿದ್ದೆವು. ಬೋರ್ಡಿನ ಮೊಳೆ ಕಳಚಲು ಗುತ್ತಿಗೆದಾರನ ಜನ ಬಂದಾಗ ಆ ಸಾಧು ಎರಡು ವೈರು ಜಡೆಯಾಗಿ ಸುತ್ತಿಕೊಂಡು, ಹಿತ್ತಾಳೆಯ ತುದಿಯಿಂದ ಒಬ್ಬನ ಬೆನ್ನು ಹರಿಯುವ ಹಾಗೆ ಬಾರಿಸಿದನೆಂದು ಗುಲ್ಬರ್ಗಾದ ಆಪರೇಟರ್ ಹೇಳಿದ. ಸಸ್ಪೆಂಡ್ ಆಯಿತು. ಅವನು ಮನೆಗೆ ಬೀಗ ಹಾಕಿ ಸೊಲ್ಲಾಪುರದ ಕಡೆ ಹೆಂಡತಿಯ ತವರಿಗೆ ಹೋದನಂತೆ. ಮತ್ತೆ ಆ ಕೆಮ್ಮು ನನ್ನ ಕಿವಿಗೆ ಬೀಳಲಿಲ್ಲ. ಪಂಚನಿಲ್ಲದೆ ನಾವಿಬ್ಬರೇ ಆಡತೊಡಗಿದೆವು.

ಆಳಂದಕ್ಕೆ ಆ ಗುತ್ತಿಗೆದಾರನ ಜನ ಬಂದ ದಿನ ನನಗೆ ಒಂದು ಭರ್ಜರಿ ನಡೆ ಹೊಳೆದಿತ್ತು. ಜೇವರ್ಗಿಯವನ ಪ್ಯಾದೆಗಳು ನನ್ನ ರಾಜನ ಬಾಗಿಲಿಗೆ ಬಂದು ನಿಂತಿದ್ದವು. ನನ್ನ ರಾಜ ಹಾರಿ ತಪ್ಪಿಸಿಕೊಳ್ಳಬೇಕಾದ ಮನೆಯನ್ನು ಅವನ ಆನೆ ಕಾಯುತ್ತಿತ್ತು. ನನ್ನ ವಜೀರನನ್ನೇ ಬಲಿ ಕೊಟ್ಟರೆ ಆ ಆನೆ ಅವನನ್ನು ಹೊಡೆಯಲು ಜಾಗ ಬಿಟ್ಟು ಬರುತ್ತದೆ. ಆಗ ನನ್ನ ರಾಜ ಹಾರುತ್ತಾನೆ, ಅವನ ಪ್ಯಾದೆಗಳು ಖಾಲಿ ಮನೆಯ ಮುಂದೆ ನಿಂತು ಬಾಯಿ ಬಿಡುತ್ತವೆ, ಆಟ ನನ್ನದು. ಎರಡು ದಿನ ಅದನ್ನೇ ಚಪ್ಪರಿಸುತ್ತ ಇದ್ದೆ. ಹೆಡ್‌ಸೆಟ್ ಹಾಕಿದೆ. ಅವನು “ಹೇಳ್ ಲೇ ಆಳಂದ” ಎಂದ. ನಾನು “ವಜೀರ” ಎಂದೆ. ಅಷ್ಟರಲ್ಲಿ ಕಿವಿ ಸತ್ತಿತು. ಹಿಂದುಗಡೆಯ ಕೋಣೆಯಲ್ಲಿ ಒಬ್ಬ ಕತ್ತರಿ ಹಿಡಿದು ಕೇಬಲ್ ತುಂಡರಿಸಿದ್ದ.

ಆಮೇಲಿನದು ನನಗೆ ತುಣುಕುಗಳಾಗಿ ನೆನಪಿದೆ. ಕತ್ತರಿ ಹಿಡಿದವನ ಗಂಟಲು ನನ್ನ ಕೈಯಲ್ಲಿತ್ತು. ಅವನ ಸಂಗಡಿಗ ನನ್ನ ಬೆನ್ನ ಮೇಲೆ ಏರಿದ, ಅವನ ಮುಂಗೈ ಕಚ್ಚಿದೆ, ಬಾಯಿಗೆ ಉಪ್ಪುಪ್ಪು ಬಂತು. ನೀರಿನ ಕೊಡ ಎತ್ತಿ ಹೊಸ ಯಂತ್ರದ ಪೆಟ್ಟಿಗೆಯ ಮೇಲೆ ಒಗೆದೆ. ಯಾರೋ ನನ್ನ ಮೊಣಕಾಲಿನ ಹಿಂದೆ ಒದ್ದು ಕೆಡವಿದರು. ನೋಡಿದರೆ ನಮ್ಮ ಲೈನ್‌ಮನ್. ಕೀಲು ಕೂತಿದ್ದ ಅದೇ ಮೊಣಕೈಯನ್ನು ನನ್ನ ಕುತ್ತಿಗೆಯ ಮೇಲೆ ಒತ್ತಿ, ಬಹಳ ವರ್ಷದ ಬಾಕಿ ತೀರಿಸುವವನಂತೆ ಕೂತಿದ್ದ. ಸಂಜೆಯತನಕ ಪೊಲೀಸ್ ಠಾಣೆಯ ಬೆಂಚಿನ ಮೇಲೆ ತುಟಿ ಒರೆಸಿಕೊಳ್ಳುತ್ತ ಕೂತೆ. ಸಸ್ಪೆನ್ಷನ್ ಆದೇಶ ಮರುದಿನವೇ ಬಂತು.

ಹೊಡೆತಕ್ಕಿಂತ ಹೆಚ್ಚು ಉರಿದದ್ದು ಊರಿನ ಸಂಭ್ರಮ. ಫೋನು ಕೂಡಲೇ ಹತ್ತುತ್ತದೆಂದು ದಲಾಲರು ಪೇಢೆ ಹಂಚಿದರು. ಬೆರಳು ಸಿಕ್ಕಿಸಿಕೊಂಡಿದ್ದ ಪುಣ್ಯಾತ್ಮ ನನಗೇ ಎರಡು ಪೇಢೆ ತಂದು ಕೊಟ್ಟ. ಅವನ ಕಣ್ಣೆದುರೇ ಅವನ್ನು ನೆಲಕ್ಕೆ ಹಾಕಿ ತುಳಿದೆ. ಒಂದೂರಿಗೆ ಊರೇ ನಗುತ್ತಿರುವಾಗ ಒಬ್ಬನೇ ಸೂತಕ ಹಿಡಿಯುವುದು ಎಂಥ ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು.

ಇನ್ನೊಬ್ಬ ದಲಾಲನ ಅಂಗಡಿಯಿಂದ ಜೇವರ್ಗಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಹಳೆಯ ಬೋರ್ಡೇ ಇತ್ತು, ಆದರೆ ಬೇರೆ ದನಿ ಎತ್ತಿಕೊಂಡಿತು. ನನ್ನ ಗಲಾಟೆಯ ವಿಚಾರಣೆಯಲ್ಲಿ ಆಟದ ಸುದ್ದಿ ಹೊರಬಿದ್ದು ಅವನನ್ನೂ ಬೋರ್ಡಿನಿಂದ ಎಬ್ಬಿಸಿದ್ದರು. ಮನೆ ಎಲ್ಲಿ ಎಂದು ಕೇಳಿಕೊಂಡು, ಹಾಸು ಮತ್ತು ಕಾಯಿಗಳನ್ನು ಚೀಲಕ್ಕೆ ತುಂಬಿ ಬಸ್ ಹತ್ತಿದೆ. ಕಡಗಂಚಿ ದಾಟಿ ಗುಲ್ಬರ್ಗಾ ಮುಟ್ಟಿ, ಬಸ್ ಬದಲಿಸಿ, ಭೀಮೆಯ ಸೇತುವೆ ದಾಟುವತನಕ ನಾನು ಯೋಚಿಸಿದ್ದು ಒಂದೇ, ವಜೀರ.

ಬಾಗಿಲು ತೆರೆದವನು ಸಣ್ಣ ಆಳು. ಆ ದನಿಗೆ ನಾನು ದೊಡ್ಡ ದೇಹ ಕಟ್ಟಿಕೊಂಡಿದ್ದೆ. ಮೇಲ್ದುಟಿ ಹಸಿ ಹಸಿರಾಗಿ ಬೋಳಾಗಿತ್ತು. ನಾನು ಯಾರೆಂದು ಹೇಳಿದೆ. ಅವನು ನಗಲಿಲ್ಲ, ಅಪ್ಪಿಕೊಳ್ಳಲಿಲ್ಲ, “ಬರ್ರಿ” ಎಂದ. ಆ ‘ರಿ’ ನನಗೆ ಕೆರದಲ್ಲಿ ಹೊಡೆದಂತಾಯಿತು. ಪಡಸಾಲೆಯ ಹೊರಸಿನ ಮೇಲೆ ಅವನ ಅಪ್ಪ ಗೋಡೆಗೆ ಮುಖಮಾಡಿ ಮಲಗಿದ್ದ. ಜೇವರ್ಗಿಯವನ ಹೆಂಡತಿ ನೀರು ಕೊಟ್ಟು ಒಳಗೆ ಹೋದಳು. ನಾವು ಹಾಸು ಹರವಿ ಬಾಯಿಪಾಠದಿಂದ ಕಾಯಿಗಳನ್ನು ಇಟ್ಟೆವು. ಒಂದು ಕಾಯಿಯ ಬಗ್ಗೆಯೂ ತಕರಾರು ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಡಿದೆವು.

ನಾನು ವಜೀರನನ್ನು ಸರಿಸಿದೆ. ಅವನು ಕಣ್ಣು ಮಿಟುಕಿಸದೆ ಆನೆಯಿಂದ ಹೊಡೆದ. ರಾಜನನ್ನು ಎತ್ತಿ ಹಾರಿಸಲು ಹೋದೆ. ಅವನು ನನ್ನ ಮಣಿಕಟ್ಟು ಹಿಡಿದ.

“ಶಹ ತಿಂದ ರಾಜಾ ಹಾರಂಗಿಲ್ಲ,” ಎಂದ.

ಶಹ ಯಾವಾಗ ಬಿತ್ತು ಎಂದೆ. ಕುದುರೆ ಕೊಟ್ಟೆನಲ್ಲ, ಅದು ಸುಮ್ಮನೆ ಕೊಟ್ಟದ್ದೆಂದುಕೊಂಡೆಯಾ ಎಂದ. ನನಗೆ ಆ ಕುದುರೆ ನೆನಪಿತ್ತು, ವಾರವಿಡೀ ನಕ್ಕದ್ದು ನೆನಪಿತ್ತು, ಶಹ ಎಂದದ್ದು ಮಾತ್ರ ನೆನಪಿರಲಿಲ್ಲ. ದೇವರಾಣೆಗೂ ನೆನಪಿರಲಿಲ್ಲ. ಸುಳ್ಳು ಹೇಳಬೇಡ ಎಂದೆ. ಪಂಚನನ್ನು ಕೇಳು ಎಂದ. ಯಾವ ಪಂಚ? ಅವನು ಯಾವೂರಲ್ಲಿದ್ದಾನೋ, ಬದುಕಿದ್ದಾನೋ. ಮುಂಚಿನಂತಾದರೆ ಎಳೆಯ ಮೇಲೆ ಒಂದು ಕೆಮ್ಮು ಕೇಳಿ, ಹೌದು ಬಿದ್ದಿತ್ತು ಎಂಬ ಮಾತು ಬಂದು, ನಾನು ಗೋಡೆಗೆ ಗುದ್ದಿ, ಅಲ್ಲಿಗೆ ಮುಗಿಯುತ್ತಿತ್ತು. ಈಗ ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ, ಒಂದು ಗೇಣು ಹಾಸು ಅಷ್ಟೇ. ಅವನು ಕೈ ಬಿಡಲಿಲ್ಲ. ನನಗೆ ತಲೆಗೆ ಏರಿತು. ಹನ್ನೆರಡು ವರ್ಷದ ರೂಢಿ, ಬಾಯಿ ತಾನಾಗಿ ತೆರೆಯಿತು.

“ನಿಮ್ಮಪ್ಪ ಇನ್ನೂ ಸತ್ತಿಲ್ಲೇನ್ಲೇ, ಬೋಳ ಬಾಯಿ?”

ಹೊರಸು ಕಿರ್ರೆಂದಿತು. ಮುದುಕ ಈ ಕಡೆ ಹೊರಳಿ ನಮ್ಮಿಬ್ಬರನ್ನು ನೋಡಿದ. ವೈರಿನಲ್ಲಿ ದಿನಾ ಹೋಗಿ ಏನೂ ಮಾಡದಿದ್ದ ಮಾತು ಆ ಪಡಸಾಲೆಯಲ್ಲಿ ಕೊಡಲಿಯಂತೆ ಬಿತ್ತು.

ಅವನು ಹಾಸಿನ ಮೇಲಿಂದಲೇ ಹಾರಿ ನನ್ನ ಮೇಲೆ ಬಿದ್ದ. ಕಾಯಿಗಳು ಮೂಲೆ ಮೂಲೆಗೆ ಸಿಡಿದವು. ನನ್ನ ಹಣೆಯಿಂದ ಅವನ ಮೂಗಿಗೆ ಗುದ್ದಿದೆ, ರಕ್ತ ಆ ಬೋಳು ತುಟಿಯ ಮೇಲಿಂದ ಹರಿದು ನನ್ನ ಅಂಗಿಗೆ ಸುರಿಯಿತು. ಅವನು ಸಣ್ಣ ಆಳಾದರೂ ವರ್ಷಗಟ್ಟಲೆ ಕೂಡಿಟ್ಟ ಕಸುವಿತ್ತು. ಹೊಟ್ಟೆಗೆ ಮೊಣಕಾಲು ಕೊಟ್ಟ. ನಾನು ಅವನ ಕೂದಲು ಹಿಡಿದು ಕಂಬಕ್ಕೆ ಬಡಿದೆ. ಹೆಂಡತಿ ಅಳುತ್ತ ನಡುವೆ ಬಂದಳು, ಇಬ್ಬರೂ ಅವಳನ್ನು ದೂಡಿದೆವು. ನಾವು ಹೊಡೆಯುತ್ತಿದ್ದದ್ದು ಒಬ್ಬರನ್ನೊಬ್ಬರು ಹೌದು. ಆದರೆ ಆ ಕತ್ತರಿ, ಆ ಪೇಢೆ, ಮೊಳೆ ಕಳಚಿದ ಆ ಹಲಗೆ, ಎಲ್ಲಕ್ಕೂ ಸಿಗಬೇಕಾದ ಏಟುಗಳು ಅಲ್ಲಿದ್ದವು. ಬೇರೆ ಯಾರಿಗೆ ಕೊಡುವುದು? ಕೊನೆಗೆ ಅವನು ನನ್ನನ್ನು ಗೋಡೆಗೆ ಒತ್ತಿ, ಎಡಗೈಯಲ್ಲಿ ಜುಟ್ಟು ಹಿಡಿದು, ಹನ್ನೆರಡು ವರ್ಷ ತಾನು ಇದ್ದ ಜಾಗಕ್ಕೆ, ನನ್ನ ಎಡಗಿವಿಗೆ ಬಾಯಿ ತಂದ. ಒದರಲಿಲ್ಲ. ಲೈನಿನ ಮೇಲೆ ಮಾತನಾಡುವ ಹಾಗೇ ಮಾತನಾಡಿದ.

“ನಿನ್ನ ರಾಜಾ ಒಂದ ಮನಿ ಸರೀತಾನ. ನನ್ನ ಪ್ಯಾದೆ ಮುಂದ. ಮಾತ್.”

ಮತ್ತು ಬಲಗೈಯನ್ನು ಅಗಲವಾಗಿ ಬಿಡಿಸಿ ಆ ಕಿವಿಯ ಮೇಲೆ ಬಾರಿಸಿದ.

ಗುಲ್ಬರ್ಗಾದ ಡಾಕ್ಟರು ಕಿವಿಯ ತಮಟೆ ಹರಿದಿದೆ ಎಂದರು. ಅದು ಮತ್ತೆ ಕೂಡಲಿಲ್ಲ. ನೋವು ಇಳಿದ ಮೇಲೆ ಮನೆಯಲ್ಲಿ ಹಾಸು ಹರವಿ ಆಟವನ್ನು ಮೊದಲಿಂದ ಒಂದೊಂದೇ ನಡೆ ಹೇಳಿಕೊಳ್ಳುತ್ತ ಆಡಿದೆ. ಕುದುರೆ ಬಂತು. ಅದು ಬಂದು ಕೂತ ಮನೆಯಿಂದ ನೋಡಿದರೆ ಶಹ ಬೀಳದೆ ಇರಲು ದಾರಿಯೇ ಇಲ್ಲ, ಕುರುಡನಿಗೂ ಕಾಣುವ ಶಹ. ನಗುವ ಭರದಲ್ಲಿ ನಾನೊಬ್ಬನೇ ನೋಡಿರಲಿಲ್ಲ. ಮುಂದಿನದು ಅವನು ಹೇಳಿದ ಹಾಗೆಯೇ. ಪ್ಯಾದೆ, ಮಾತ್. ನನ್ನ ಎಡಗಿವಿ ಕೇಳಿದ ಕೊನೆಯ ಮಾತು ನಿಜವಾಗಿತ್ತು.

ಬೇಸಗೆ ಕಳೆಯುವುದರೊಳಗೆ ಅವನೇ ಆಳಂದಕ್ಕೆ ಬಂದ. ಮೂಗು ಸೊಟ್ಟಗಾಗಿತ್ತು, ತುಟಿ ಇನ್ನೂ ಬೋಳು. ಕಟ್ಟೆಯ ಮೇಲೆ ನನ್ನ ಎಡಕ್ಕೆ ಕೂತು, ನೆಲ ನೋಡುತ್ತ ಬಹಳ ಹೊತ್ತು ತುಟಿ ಆಡಿಸಿದ. ನಾನು ಕೇಳುವಷ್ಟು ಕೇಳಿ, ಅಂದರೆ ಏನೂ ಕೇಳದೆ, ಬಲಕ್ಕೆ ಬಂದು ಕೂಡು, ಆ ಕಿವಿ ನೀನು ತಿಂದಿದ್ದೀ ಎಂದೆ. ಅವನಿಗೆ ಗೊತ್ತಿರಲಿಲ್ಲ. ಎದ್ದು ಬಲಕ್ಕೆ ಬಂದ, ಆದರೆ ಕೇಳಬೇಕೆಂದು ಬಂದದ್ದನ್ನು ಮತ್ತೆ ಕೇಳಲಿಲ್ಲ. ಎದುರಾಳಿ ಒಪ್ಪದ ಗೆಲುವಿಗೆ ಮೀಸೆ ಬಿಡುವ ಹಾಗಿಲ್ಲ ಎಂದು ಅವನ ಅಪ್ಪ ಹೇಳಿಕಳಿಸಿರಬೇಕು, ಅಷ್ಟು ನನಗೆ ತಿಳಿಯುತ್ತದೆ.

“ಶಹ ಬಿದ್ದಿತ್ತು,” ಎಂದೆ. “ಪ್ಯಾದೆ ಮಾತ್ ಬರೋಬರ್ ಅದ. ಹೋಗಿ ಮೀಸಿ ಬಿಡು ಲೇ.”

ಆ ಮಾತು ಹೇಳಲು ನನ್ನ ಹಲ್ಲು ಕಿತ್ತಂತಾಯಿತು. ಅವನು ತಲೆ ಆಡಿಸಿ, ಚಹಾ ಕುಡಿಯದೆ ಬಸ್ಸಿಗೆ ಹೋದ.

ಮರುವರ್ಷ ಗುಲ್ಬರ್ಗಾದ ಬಸ್ ನಿಲ್ದಾಣದಲ್ಲಿ ಕಂಡ. ತಾನಾಗಿ ನನ್ನ ಬಲಕ್ಕೆ ಬಂದು ನಿಂತ. ಮೂಗಿನ ಕೆಳಗೆ ಏನೂ ಇರಲಿಲ್ಲ. ಅಪ್ಪ ಹೋದರೇನೋ ಎಂದು ಕೇಳಿದೆ. ಆರಾಮ ಇದ್ದಾರೆ, ಈಗ ಜೊತೆಗೇ ಕೂತು ಉಣ್ಣುತ್ತೇವೆ ಎಂದ. ಹಾಗಾದರೆ ಮೀಸೆ ಎಲ್ಲಿ ಎಂದೆ.

“ಒಬ್ಬರ ಕಿವಿ ತಗದು ಬಂದ ಮೀಸಿ ನಮ್ಮ ಮನ್ಯಾಗ ಬ್ಯಾಡ ಅಂದಾರ ಅಪ್ಪ,” ಎಂದ. “ನನಗೂ ಬ್ಯಾಡ.”

ಜೇವರ್ಗಿಯ ಬಸ್ ಬಂತು, ಹತ್ತಿ ಹೋದ. ನಾನು ಅಲ್ಲೇ ನಿಂತೆ. ಸಿಟ್ಟಿನಿಂದ ಗುದ್ದಲು ಗೋಡೆ ಹುಡುಕಿದೆ. ಕಿವಿ ಕೊಟ್ಟು ಒಪ್ಪಿದ ಸೋಲು ಅದು. ಅದನ್ನೂ ಹಾಳು ಮಾಡಿ ಹೋದನಲ್ಲ ಆ ಮಗ.